ಕವಣೆ ಹಿಡಿಯುವ ಕೈಗೆ ನಾಲ್ಕು ಮಾತು



ಬೀಜ, ಗೊಬ್ಬರ, ಕೀಟ, ಮಳೆ ಇವುಗಳ ನಡುವೆ ಕವಣೆಯ ಮಾತೇಕೆ ಎಂದು ನೀವು ಕೇಳಬಹುದು. ಕೇಳಬೇಕಾದ್ದೇ. ಆದರೆ ಒಂದು ಸಂಗತಿ ನೋಡಿ. ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಜೋಳ, ಸಜ್ಜೆ, ನವಣೆ ಹಾಲುಗಾಳಿಗೆ ಬರುವ ಹೊತ್ತಿಗೆ ಗಿಳಿ, ಗುಬ್ಬಿ, ರಾಟವಾಳಗಳೂ ಸರಿಯಾಗಿ ಅದೇ ಹೊತ್ತಿಗೆ ಬರುತ್ತವೆ. ಸೂರ್ಯಕಾಂತಿ ಹಾಕಿದವರ ಪಾಡಂತೂ ಹೇಳಬೇಕಾಗಿಲ್ಲ. ಇನ್ನೊಂದು ಕಡೆ, ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗ ಇದ್ದನೆಂದರೆ ಅವನ ಚಡ್ಡಿ ಜೇಬಿನಲ್ಲೋ, ದನದ ಕೊಟ್ಟಿಗೆಯ ಗಳುವಿನ ಸಂದಿಯಲ್ಲೋ ಒಂದು ಕವಣೆ ಇದ್ದೇ ಇರುತ್ತದೆ. ತಂದೆ ನೋಡಿದರೆ ಕಿತ್ತು ಒಲೆಗೆ ಹಾಕುತ್ತಾನೆ. ಹುಡುಗ ಮೂರನೆಯ ದಿನ ಇನ್ನೊಂದು ಮಾಡಿಕೊಳ್ಳುತ್ತಾನೆ, ಆದರೆ ಈ ಸಲ ಕದ್ದುಮುಚ್ಚಿ. ಕದ್ದು ಹೊಡೆಯುವ ಕವಣೆಯೇ ಕಣ್ಣು ಕಳೆಯುವ ಕವಣೆ. ಆದ್ದರಿಂದ ಒಲೆಗೆ ಹಾಕುವುದಕ್ಕಿಂತ ಸರಿಯಾಗಿ ಕಲಿಸುವುದು ವಾಸಿ ಎಂಬುದು ನನ್ನ ಅಭಿಪ್ರಾಯ. ಇದು ಕಲಿಯತಕ್ಕ ವಿದ್ಯೆ, ಒಳ್ಳೆಯ ಹವ್ಯಾಸ. ಹೊಲಕ್ಕೂ ಅಷ್ಟಿಷ್ಟು ಉಪಯೋಗಕ್ಕೆ ಬರುತ್ತದೆ.

ಕವಣೆ ಎಂದರೆ ಎರಡು ಬಗೆ. ಹಳೆಯದು ನಾರಿನ ಕವಣೆ. ಪುಂಡಿ ನಾರನ್ನೋ ಕತ್ತಾಳೆ ನಾರನ್ನೋ ಹೊಸೆದು, ನಡುವೆ ಅಂಗೈ ಅಗಲದ ತೊಟ್ಟಿಲಿನಂತೆ ಹೆಣೆದು, ಎರಡು ಕಡೆಗೂ ಹಗ್ಗ ಬಿಡುವುದು. ಒಂದು ತುದಿಯ ಕುಣಿಕೆ ಬೆರಳಿಗೆ, ಇನ್ನೊಂದು ತುದಿ ಹೆಬ್ಬೆರಳ ಹಿಡಿತಕ್ಕೆ. ಕಲ್ಲಿಟ್ಟು ತಲೆಯ ಮೇಲೆ ಬೀಸಿ, ಹೆಬ್ಬೆರಳು ಸಡಿಲಿಸಿದರೆ ಕಲ್ಲು ಹಾರಿಹೋಗುತ್ತದೆ. ಜೋಳದ ಹೊಲದ ನಡುವೆ ಅಟ್ಟಣೆ ಕಟ್ಟಿ, ಅದರ ಮೇಲೆ ನಿಂತು ಕೂಗು ಹಾಕುತ್ತ ಕವಣೆ ಬೀಸಿದ ಹಿರಿಯರು ಈಗಲೂ ನಿಮ್ಮ ಊರಲ್ಲಿ ಒಬ್ಬಿಬ್ಬರಾದರೂ ಇದ್ದಾರು. ಅವರನ್ನು ಕೇಳಿ ನೋಡಿ: ಹಕ್ಕಿಯನ್ನು ಎಬ್ಬಿಸುತ್ತಿದ್ದದ್ದು ಕಲ್ಲಿಗಿಂತ ಹೆಚ್ಚಾಗಿ ಕವಣೆಯ ತುದಿ ಬೀಸಿನಲ್ಲಿ ‘ಚಟ್’ ಎನ್ನುತ್ತಿದ್ದ ಸದ್ದು. ಈ ಸಲಕರಣೆ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. 1922ರಲ್ಲಿ ಈಜಿಪ್ಟ್ ದೇಶದ ಟೂಟಂಖಾಮನ್ ದೊರೆಯ ಸಮಾಧಿ ತೆರೆದಾಗ ಅದರೊಳಗೆ ನಾರುಬಟ್ಟೆಯ ದಾರದಿಂದ ಹೆಣೆದ ಕವಣೆ ಸಿಕ್ಕಿತು. ಮೂರು ಸಾವಿರ ವರ್ಷಕ್ಕೂ ಹಳೆಯದು. ಸ್ಪೇನಿನ ಬಳಿಯ ಬೇಲಿಯಾರಿಕ್ ದ್ವೀಪಗಳಲ್ಲಿ ತಾಯಂದಿರು ಗಳುವಿನ ತುದಿಗೆ ರೊಟ್ಟಿ ಇಟ್ಟು, ಕವಣೆಯಲ್ಲಿ ಹೊಡೆದು ಬೀಳಿಸಿದರೆ ಮಾತ್ರ ಮಗನಿಗೆ ಊಟ ಎನ್ನುತ್ತಿದ್ದರೆಂದು ಆ ಕಾಲದ ಲೇಖಕರು ಬರೆದಿಟ್ಟಿದ್ದಾರೆ. ನಮ್ಮ ತಾಯಂದಿರು ಅಷ್ಟು ಕಠಿಣರಲ್ಲ ಎಂದು ಹುಡುಗರು ಸಂತೋಷಪಡಬಹುದು.

ನಾರಿನ ಕವಣೆ ಕಲಿಯುವುದಕ್ಕೆ ಕಷ್ಟ. ಹೊಸಬನ ಕಲ್ಲು ಮುಂದಕ್ಕೂ ಹೋದೀತು, ಹಿಂದಕ್ಕೂ ಹೋದೀತು, ಪಕ್ಕದಲ್ಲಿ ಕಳೆ ಕೀಳುವವರ ಮೇಲೂ ಹೋದೀತು. ಬಟಾಬಯಲು ಬೇಕು, ಸುತ್ತ ನೂರು ಮಾರು ಯಾರೂ ಇರಕೂಡದು. ಆದ್ದರಿಂದ ಅದನ್ನು ಬಲ್ಲ ಹಿರಿಯರ ಹತ್ತಿರವೇ ಕಲಿಯಿರಿ. ನಾನು ಈಗ ಹೇಳಹೊರಟದ್ದು ಎರಡನೆಯ ಬಗೆ: ಕವೆಗೋಲಿಗೆ ರಬ್ಬರು ಕಟ್ಟಿದ್ದು. ಹುಡುಗರು ಕ್ಯಾಟರ್‌ಬಿಲ್ಲು, ಚಾಟರ್‌ಬಿಲ್ಲು ಎಂದು ಏನೇನೋ ಹೆಸರಿಂದ ಕರೆಯುತ್ತಾರೆ. ನಾವು ರಬ್ಬರು ಕವಣೆ ಎನ್ನೋಣ. ಇದು ಹಳೆಯದಲ್ಲ. ಹಸಿ ರಬ್ಬರು ಬಿಸಿಲಿಗೆ ಅಂಟಾಗುತ್ತಿತ್ತು, ಚಳಿಗೆ ಕೊರಡಾಗುತ್ತಿತ್ತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬಾತ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಹದಮಾಡುವ ವಿಧಾನಕ್ಕೆ 1844ರಲ್ಲಿ ಪೇಟೆಂಟು ಪಡೆದ. ಆಮೇಲೆ 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರು ಮಾಡಿದ. ಸೈಕಲ್ಲು ಹಳ್ಳಿಗೆ ಬಂತು, ಹಳೆಯ ಟ್ಯೂಬು ಹುಡುಗರ ಕೈಗೆ ಬಂತು.

ಮೊದಲು ಕವೆಯ ಆಯ್ಕೆ. ಸೀಬೆಯ ಕವೆ ಎಲ್ಲಕ್ಕಿಂತ ಮೇಲು. ಎಳೆ ಒತ್ತಾಗಿ, ಸೀಳದೆ ಇರುತ್ತದೆ. ಹುಣಸೆ ಗಟ್ಟಿ, ಆದರೆ ಕೆತ್ತುವವನ ಕೈ ನೋಯುತ್ತದೆ. ಬೇವು ಆಗಬಹುದು. ಜಾಲಿ ಆಗಬಹುದು. ನುಗ್ಗೆ ಬೇಡವೇ ಬೇಡ. ನೋಡಲಿಕ್ಕೆ ದಪ್ಪ, ಎಳೆದರೆ ಮುರಿದು ಮುಖಕ್ಕೆ ಬರುತ್ತದೆ. ಎಕ್ಕ, ಕಳ್ಳಿ ಮುಟ್ಟಲೇ ಬೇಡಿ, ಹಾಲು ಕಣ್ಣಿಗೆ ಬಿದ್ದರೆ ಕೇಡು. ನಿಮ್ಮ ಹಿತ್ತಲಿನ ಮರದಲ್ಲಿ, ಬೇಲಿಯಲ್ಲಿ ಸವರಿ ಹಾಕಿದ ಕೊಂಬೆಗಳಲ್ಲೇ ಹುಡುಕಿದರೆ ಬೇಕಾದಷ್ಟು ಕವೆ ಸಿಗುತ್ತವೆ. ಇದಕ್ಕಾಗಿ ಜೋಗಿಮಟ್ಟಿ ಕಾಡಿಗೆ ಕೊಡಲಿ ಹಿಡಿದು ಹೋಗಬೇಕಾಗಿಲ್ಲ, ಹೋಗಲೂಬಾರದು.

ಕವೆಯ ಎರಡು ಕಾಲು ಒಂದೇ ದಪ್ಪ, ಒಂದೇ ಓರೆ ಇರಬೇಕು. ಹೆಬ್ಬೆರಳಷ್ಟು ದಪ್ಪ ಸಾಕು. ತುದಿಗಳ ನಡುವೆ ಒಳಗಿನ ಸಂದು ಎರಡು ಅಂಗುಲಕ್ಕೆ ಕಡಿಮೆ ಬೇಡ. ಹೊರಗಿನಿಂದ ಹೊರಗೆ ಮೂರೂವರೆ ಅಂಗುಲ ಒಳ್ಳೆಯ ಅಳತೆ. ಸಂದು ಕಿರಿದಾದರೆ ಗುಂಡು ಕವೆಗೇ ಬಡಿಯುತ್ತದೆ. ಹಸಿಯಾಗಿ ಕತ್ತರಿಸಿ, ಸಿಪ್ಪೆ ಕೂಡಲೇ ತೆಗೆಯದೆ, ನೆರಳಲ್ಲಿ ನಾಲ್ಕೈದು ವಾರ ಒಣಗಿಸಿ. ಬಿಸಿಲಿಗಿಟ್ಟರೆ ಸೀಳುತ್ತದೆ. ಒಣಗಿದ ಮೇಲೆ ಸಿಪ್ಪೆ ಸುಲಿದು, ಎರಡು ಕಾಲು ಸೇರುವ ಕೊರಳಿನ ಹತ್ತಿರ ಬಿರುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಎರಡು ಕೈಯಲ್ಲಿ ಎರಡು ಕಾಲು ಹಿಡಿದು ಬಲವಾಗಿ ಅಗಲಿಸಿ. ‘ಕಟಕ್’ ಎಂದರೆ ಒಲೆಗೆ ಹಾಕಿ. ಕವಣೆ ಒಲೆಗೆ ಹೋಗಬೇಕಾದ ಸಂದರ್ಭ ಇದೊಂದೇ. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಯಂಥ ಜಾತ್ರೆಗಳಲ್ಲಿ ಪ್ಲಾಸ್ಟಿಕ್ಕಿನ ಕವಣೆ ಮಾರಾಟಕ್ಕೆ ಬರುವುದುಂಟು. ಬಣ್ಣ ಚೆಂದ. ಒಂದು ಬೇಸಿಗೆ ಬಿಸಿಲು ತಿಂದ ಪ್ಲಾಸ್ಟಿಕ್ಕು ಹಪ್ಪಳದ ಹಾಗಾಗುತ್ತದೆ ಎಂಬುದು ನೀರಿನ ಕೊಡ ಕೊಂಡವರಿಗೆ ಗೊತ್ತು. ಕೊಳ್ಳಲೇಬೇಕೆಂದರೆ ಉಕ್ಕಿನದೋ ಗಟ್ಟಿ ಮರದ್ದೋ ಕೊಳ್ಳಿ.

ಇನ್ನು ರಬ್ಬರು. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಕವಣೆಯ ಜೀವ ಇರುವುದು ಇದರಲ್ಲಿ. ಹಳೆಯ ಕಾಲದ ಸೈಕಲ್ ಟ್ಯೂಬು ಮರದ ಹಾಲಿನ ರಬ್ಬರಿನದು, ಚುರುಕಾಗಿತ್ತು. ಈಗ ಬರುವ ಕರಿಯ ಟ್ಯೂಬುಗಳು ಬಹಳ ಮಟ್ಟಿಗೆ ಬ್ಯುಟೈಲ್ ಎಂಬ ಕೃತಕ ರಬ್ಬರಿನವು. ಗಾಳಿ ಹಿಡಿದಿಡುವುದರಲ್ಲಿ ಅದು ಗಟ್ಟಿಗ, ಎಳೆದು ಬಿಟ್ಟರೆ ಮಾತ್ರ ಸೋಮಾರಿ. ಹಿಂದಕ್ಕೆ ಬರುವುದಕ್ಕೇ ಪುರುಸೊತ್ತು ಬೇಕು ಅದಕ್ಕೆ. ಹುಡುಗರು ಇದನ್ನು ಸರಿಮಾಡಲು ಎರಡು ಪದರ, ಮೂರು ಪದರ ಕಟ್ಟುತ್ತಾರೆ. ಎಳೆಯಲು ಕಷ್ಟ ಹೆಚ್ಚಾಗುತ್ತದೆಯೇ ಹೊರತು ಗುಂಡಿನ ವೇಗ ಅಷ್ಟಾಗಿ ಹೆಚ್ಚುವುದಿಲ್ಲ, ರಬ್ಬರು ತನ್ನ ಭಾರವನ್ನೇ ತಾನು ಎಳೆದುಕೊಂಡು ಬರಬೇಕಲ್ಲ! ಔಷಧಿ ಅಂಗಡಿಗೆ ಹೋಗುವ ಲೇಟೆಕ್ಸ್ ರಬ್ಬರಿನ ಕೊಳವೆ, ಇಲ್ಲವೆ ಅದೇ ಲೇಟೆಕ್ಸಿನ ತೆಳು ಹಾಳೆಯಿಂದ ಕತ್ತರಿಸಿದ ಪಟ್ಟಿ ಇದಕ್ಕಿಂತ ಎಷ್ಟೋ ಮೇಲು. ಅರ್ಧ ಮಿಲಿಮೀಟರಿನಿಂದ ಮುಕ್ಕಾಲು ಮಿಲಿಮೀಟರು ದಪ್ಪದ ಹಾಳೆ ಸಾಕು. ಪರೀಕ್ಷೆ ಸುಲಭ: ಒಂದು ಗೇಣು ಪಟ್ಟಿ ಹಿಡಿದು ಐದು ಗೇಣಿಗೆ ಎಳೆಯಿರಿ. ತಕರಾರಿಲ್ಲದೆ ಹೋಗಿ, ಬಿಟ್ಟ ಕೂಡಲೇ ಮೊದಲಿನಷ್ಟಕ್ಕೇ ಬಂದರೆ ಒಳ್ಳೆಯ ರಬ್ಬರು. ಬಂದ ಮೇಲೆ ಉದ್ದವಾಗಿಯೇ ಉಳಿದರೆ ಮೂಟೆ ಕಟ್ಟಲಿಕ್ಕೆ ಇಟ್ಟುಕೊಳ್ಳಿ.

ಉದ್ದ ಎಷ್ಟು? ಇದನ್ನು ಅಂದಾಜಿನ ಮೇಲೆ ಕಟ್ಟುವುದೇ ಎಲ್ಲರೂ ಮಾಡುವ ತಪ್ಪು. ಕವಣೆ ಹಿಡಿಯುವ ಕೈ ನೀಟಾಗಿ ಚಾಚಿ, ಆ ಮುಷ್ಟಿಯಿಂದ ಬಾಯಿಯ ಕೊನೆಯವರೆಗೆ ದಾರ ಹಿಡಿದು ಅಳೆಯಿರಿ. ದೊಡ್ಡವರಿಗೆ ಸುಮಾರು 30 ಅಂಗುಲ ಬರುತ್ತದೆ. ಅದನ್ನು ಐದರಿಂದ ಭಾಗಿಸಿ: 6 ಅಂಗುಲ. ಕವೆಗೆ ಒಂದು ಅಂಗುಲ, ತೊಗಲಿಗೆ ಒಂದು ಅಂಗುಲ ಕಟ್ಟಲಿಕ್ಕೆ ಸೇರಿಸಿ: 8 ಅಂಗುಲ ಕತ್ತರಿಸಿ. ಹನ್ನೆರಡು ವರ್ಷದ ಮಗುವಿಗೆ ಅಳತೆ 24 ಅಂಗುಲ ಬಂದರೆ ಅದಕ್ಕೆ ತಕ್ಕಂತೆ ಕಡಿಮೆ. ಸೈಕಲ್ ಟ್ಯೂಬೇ ಗತಿ ಎಂದರೆ ಐದರ ಬದಲು ಮೂರರಿಂದ ಭಾಗಿಸಿ. ಅದು ಅದಕ್ಕಿಂತ ಹೆಚ್ಚು ಎಳೆತ ತಾಳದು. ಲೇಟೆಕ್ಸ್ ಪಟ್ಟಿಯ ಅಗಲ ಕವೆಯ ಕಡೆ ಮುಕ್ಕಾಲು ಅಂಗುಲ, ತೊಗಲಿನ ಕಡೆ ಅರ್ಧ ಅಂಗುಲವೆಂದು ಓರೆಯಾಗಿ ಕತ್ತರಿಸಿದರೆ ತುದಿ ಹಗುರಾಗಿ ಇನ್ನೂ ಚುರುಕು. ಕತ್ತರಿಯಲ್ಲಿ ಕಚ್ಚು ಕಚ್ಚಾಗಿ ಕತ್ತರಿಸಬೇಡಿ. ಅಂಚಿನಲ್ಲಿ ಕೂದಲೆಳೆಯಷ್ಟು ಕಚ್ಚು ಇದ್ದರೂ ಅಲ್ಲಿಂದಲೇ ಹರಿಯುತ್ತದೆ. ಗಾಜಿನ ಮೇಲೋ ನುಣುಪಾದ ಹಲಗೆಯ ಮೇಲೋ ಹಾಸಿ, ಅಳತೆಪಟ್ಟಿ ಒತ್ತಿ ಹಿಡಿದು, ಹೊಸ ಬ್ಲೇಡಿನಲ್ಲಿ ಒಂದೇ ಎಳೆತಕ್ಕೆ ಕೊಯ್ಯಿರಿ. ಎರಡು ಪಟ್ಟಿ ಒಂದರ ಮೇಲೊಂದಿಟ್ಟರೆ ಒಂದೇ ಪಟ್ಟಿಯ ಹಾಗೆ ಕಾಣಬೇಕು. ಒಂದು ಕಾಲಂಗುಲ ಗಿಡ್ಡವಾದರೂ ಗುರಿ ಒಂದು ಕಡೆಗೇ ಎಳೆಯುತ್ತದೆ, ಜೋಡಿ ಎತ್ತಿನಲ್ಲಿ ಒಂದು ಮುಂದೆ ಒಂದು ಹಿಂದೆ ಹೋದರೆ ನೇಗಿಲ ಸಾಲು ಹೇಗಾಗುತ್ತದೋ ಹಾಗೆ.

ಗುಂಡು ಹಿಡಿಯುವ ತೊಗಲು ಮೆತ್ತಗಿರಬೇಕು, ಆದರೆ ಹಿಗ್ಗಬಾರದು. ಆಡಿನ ತೊಗಲು ಚೆನ್ನು. ಎರಡೂವರೆ ಅಂಗುಲ ಉದ್ದ, ಮುಕ್ಕಾಲು ಅಂಗುಲ ಅಗಲ ಸಾಕು. ತೂತನ್ನು ಚಾಕುವಿನಲ್ಲಿ ಸೀಳದೆ, ಚಮ್ಮಾರರ ಉಳಿಯಲ್ಲಿ ದುಂಡಗೆ ಹಾಕಿಸಿ. ಸೀಳು ಹರಿಯುತ್ತದೆ, ದುಂಡು ತೂತು ಹರಿಯುವುದಿಲ್ಲ. ಪಟ್ಟಿಯನ್ನು ಕವೆಗೆ ಕಟ್ಟುವಾಗ ನೂಲಿಗಿಂತ ಸಣ್ಣ ರಬ್ಬರಿನ ಎಳೆಯನ್ನೇ ಬಿಗಿಯಾಗಿ ಸುತ್ತಿ ಕಟ್ಟಿದರೆ ರಬ್ಬರು ರಬ್ಬರನ್ನು ಕುಯ್ಯುವುದಿಲ್ಲ. ತಂತಿಯಿಂದ ಮಾತ್ರ ಎಂದೂ ಕಟ್ಟಬೇಡಿ.

ಗುಂಡಿನ ವಿಚಾರ. ಹೊಲದ ಬದುವಿನ ಕಲ್ಲು ಹೆಕ್ಕಿ ಹೊಡೆದರೆ ಯಾರೂ ಗುರಿಗಾರರಾಗುವುದಿಲ್ಲ. ಒಂದು ಕಲ್ಲಿದ್ದಂತೆ ಇನ್ನೊಂದಿಲ್ಲ. ಒಂದು ಎಡಕ್ಕೆ, ಒಂದು ಬಲಕ್ಕೆ. ಗಾಜಿನ ಗೋಲಿ ದುಂಡಗಿದೆ ನಿಜ, ಆದರೆ ಕಲ್ಲಿಗೆ ಬಡಿದು ಒಡೆದರೆ ಚೂರು ಹೊಲದಲ್ಲಿ ಉಳಿದು ಎತ್ತಿನ ಗೊರಸಿಗೂ ನಿಮ್ಮ ಪಾದಕ್ಕೂ ಕಾದಿರುತ್ತದೆ. ಪೇಟೆಯ ಹವ್ಯಾಸಿಗಳು ಸೈಕಲ್ ಬೇರಿಂಗಿನಂಥ ಉಕ್ಕಿನ ಗುಂಡು ಬಳಸುತ್ತಾರೆ. 8 ಮಿಲಿಮೀಟರಿನದು 2 ಗ್ರಾಂ, ಒಂಬತ್ತೂವರೆ ಮಿಲಿಮೀಟರಿನದು ಮೂರೂವರೆ ಗ್ರಾಂ ತೂಗುತ್ತದೆ. ಗುರಿಗೆ ಅದರಷ್ಟು ನಂಬಿಕೆಯದು ಬೇರಿಲ್ಲ. ಆದರೆ ಅದನ್ನು ಹೊಲದಲ್ಲಿ ಹೊಡೆಯಬೇಡಿ. ದಂಟಿನ ಕಟ್ಟಿನೊಳಗೆ ಸೇರಿ ಮೇವು ಕತ್ತರಿಸುವ ಯಂತ್ರದ ಬಾಯಿಗೆ ಒಂದು ಉಕ್ಕಿನ ಗುಂಡು ಹೋದರೆ ಅಲಗು ಹೋಗುತ್ತದೆ, ಗುಂಡು ಯಾರ ಕಡೆ ಸಿಡಿಯುತ್ತದೋ ಹೇಳಲಾಗದು. ಅದು ಪೆಟ್ಟಿಗೆಯೊಳಗೆ ಹೊಡೆದು, ಎಣಿಸಿ ವಾಪಸು ತೆಗೆದುಕೊಳ್ಳುವ ಗುಂಡು.

ಹಳ್ಳಿಗೆ ಮಣ್ಣಿನ ಗುಂಡೇ ಸರಿ. ಹಿರಿಯೂರು ಕಡೆಯ ಎರೆ ಮಣ್ಣು ಒಂದನ್ನೇ ಹಾಕಿದರೆ ಒಣಗುವಾಗ ಕುಗ್ಗಿ ಬಿರಿಯುತ್ತದೆ. ನಿಮ್ಮ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುವುದಿಲ್ಲವೇ, ಹಾಗೆ. ಮೂರು ಪಾಲು ಹುತ್ತದ ಮಣ್ಣು ಅಥವಾ ಕೆರೆಗೋಡಿಗೆ ಒಂದು ಪಾಲು ನುಣ್ಣನೆಯ ಮರಳು ಸೇರಿಸಿ, ಜರಡಿ ಹಿಡಿದು, ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ. ಹಾವಿಲ್ಲದ ಪಾಳು ಹುತ್ತ ನೋಡಿಕೊಂಡು, ಪೂಜೆಯ ಹುತ್ತ ಬಿಟ್ಟು. ಅರ್ಧ ಅಂಗುಲಕ್ಕಿಂತ ಕೊಂಚ ದೊಡ್ಡದಾಗಿ ಉಂಡೆ ಕಟ್ಟಿ ನೆರಳಲ್ಲಿ ನಾಲ್ಕು ದಿನ, ಆಮೇಲೆ ಬಿಸಿಲಲ್ಲಿ ಒಂದು ದಿನ ಒಣಗಿಸಿ. ಎಲ್ಲ ಒಂದೇ ಗಾತ್ರ ಬರಬೇಕೆಂದರೆ ಮಣ್ಣನ್ನು ಮೊದಲು ಬತ್ತಿಯಂತೆ ಹೊಸೆದು, ಅಳತೆ ಕಡ್ಡಿ ಇಟ್ಟು ತುಂಡು ಮಾಡಿಕೊಳ್ಳಬೇಕು. ಮನೆಯ ಹೆಣ್ಣುಮಕ್ಕಳು ಚಕ್ಕುಲಿ, ಉಂಡೆ ಮಾಡಿ ಪಳಗಿದವರು; ಗಂಡುಮಕ್ಕಳು ಅವರ ಹತ್ತಿರ ಕೇಳಿ ಕಲಿತರೆ ನಷ್ಟವಿಲ್ಲ. ಮಣ್ಣಿನ ಗುಂಡಿನ ದೊಡ್ಡ ಗುಣವೆಂದರೆ, ಗಟ್ಟಿಯಾದ್ದಕ್ಕೆ ಬಡಿದೊಡನೆ ಪುಡಿಯಾಗುತ್ತದೆ, ಚಿಮ್ಮಿ ವಾಪಸು ಬರುವುದು ಕಡಿಮೆ. ಮಳೆ ಬಂದರೆ ಹೊಲದ ಮಣ್ಣಿಗೇ ಸೇರುತ್ತದೆ. ತೀರ ಚಿಕ್ಕ ಮಕ್ಕಳು ಹಟ ಮಾಡಿದರೆ ಬೇವಿನ ಹಸಿಕಾಯಿ ಕೊಟ್ಟು, ಸಡಿಲ ರಬ್ಬರು ಕಟ್ಟಿಕೊಡಿ.

ಈಗ ಹೊಡೆಯುವ ಕ್ರಮ. ಎಡಗೈಯಲ್ಲಿ ಕವಣೆ ಹಿಡಿಯುವವರು ಎಡ ಭುಜ ಗುರಿಯ ಕಡೆಗೆ ಮಾಡಿ ಓರೆಯಾಗಿ ನಿಲ್ಲಿರಿ. ಕವೆಯನ್ನು ನೆಟ್ಟಗೆ ಹಿಡಿಯದೆ ಅಡ್ಡ ಮಲಗಿಸಿದರೆ ಒಂದು ತುದಿ ಮೇಲೆ, ಒಂದು ತುದಿ ಕೆಳಗೆ ಬರುತ್ತದೆ. ಮೇಲಿನ ತುದಿಯೇ ನಿಮ್ಮ ಗುರಿಕಡ್ಡಿ. ಗುಂಡನ್ನು ತೊಗಲಿನ ಸರಿ ನಡುವೆ ಇಟ್ಟು, ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ಬಾಯಿಯ ಕೊನೆಗೋ ಕೆನ್ನೆಯ ಮೂಳೆಯ ಕೆಳಗೋ ಎಳೆಯಿರಿ. ಎಲ್ಲಿಗೆ ಎಂಬುದು ನಿಮ್ಮ ಇಷ್ಟ, ಆದರೆ ಇಂದು ಎಲ್ಲಿಗೋ ನಾಳೆಯೂ ಅಲ್ಲಿಗೇ, ನೂರು ಸಲವೂ ಅಲ್ಲಿಗೇ. ಗುರಿ ಹೊಡೆಯುವುದರ ಗುಟ್ಟು ಮುಕ್ಕಾಲು ಪಾಲು ಇದೇ. ಮೇಲಿನ ಪಟ್ಟಿಯ ಗೆರೆಯ ಗುಂಟ ನೋಡಿ, ತುದಿಯನ್ನು ಗುರಿಗೆ ಕೂಡಿಸಿ, ಬೆರಳು ಬಿಡಿ. ಬಿಡುವುದೆಂದರೆ ಸುಮ್ಮನೆ ತೆರೆಯುವುದು. ಕಿತ್ತೆಸೆದಂತೆ ಮಾಡಿದರೆ ಗುಂಡು ಕವೆಗೋ ಹೆಬ್ಬೆರಳಿಗೋ ಬಡಿಯುತ್ತದೆ. ಗುಂಡು ತಲುಪುವವರೆಗೆ ಚಾಚಿದ ಕೈ ಇಳಿಸಬೇಡಿ. ಪೂರ್ತಿ ಎಳೆದು ಮೂರು ಎಣಿಸುವಷ್ಟರಲ್ಲಿ ಕೈ ನಡುಗಿದರೆ ಆ ರಬ್ಬರು ನಿಮಗೆ ಹೆಚ್ಚು. ಅಗಲ ಕಡಿಮೆ ಮಾಡಿ. ಇಲ್ಲಿ ಮೀಸೆಯ ಪ್ರಶ್ನೆ ತರಬೇಡಿ. ಗುಂಡಿಲ್ಲದೆ ಬರಿದೇ ಎಳೆದು ಬಿಡುವ ಆಟವೂ ಬೇಡ, ತೊಗಲು ತಿರುಗಿ ಬಂದು ಕೈಗೆ ಹೊಡೆಯುತ್ತದೆ, ರಬ್ಬರೂ ಬೇಗ ಹಾಳಾಗುತ್ತದೆ.

ಮೊದಲು ಐದು ಹೆಜ್ಜೆಯಿಂದ ಶುರುಮಾಡಿ. ಐದು ಗುಂಡು ಹೊಡೆದು ಗುರುತು ನೋಡಿ. ಐದೂ ಒಂದೇ ಕಡೆ ಬಿದ್ದು ಗುರಿಗೆ ಮಾತ್ರ ದೂರವಿದ್ದರೆ ಸಂತೋಷಪಡಿ, ಕೈ ಸರಿಯಿದೆ, ತುದಿಯನ್ನು ಅಷ್ಟು ಸರಿಸಿದರೆ ಆಯಿತು. ಐದೂ ಐದು ಕಡೆ ಚೆದುರಿದರೆ ಎಳೆತ ಒಂದೇ ಸಮ ಇಲ್ಲ ಎಂದು ಅರ್ಥ. ಆಮೇಲೆ ಹತ್ತು ಮೀಟರು. ಇಟಲಿ, ಸ್ಪೇನ್, ಚೀನಾ ದೇಶಗಳಲ್ಲಿ ದೊಡ್ಡವರೇ ಇದರ ಪಂದ್ಯ ಆಡುತ್ತಾರೆ. ಹತ್ತು ಮೀಟರಿನ ಗುರಿ ಅವರಲ್ಲಿ ಸಾಮಾನ್ಯ. ಮಧ್ಯಾಹ್ನ ರಬ್ಬರು ಬಿಸಿಯಿದ್ದಾಗ ಗುಂಡು ಚುರುಕಾಗಿಯೂ, ಮಾಗಿಯ ಬೆಳಗ್ಗೆ ಮಂದವಾಗಿಯೂ ಹೋಗುವುದನ್ನು ನೀವೇ ಕಾಣುವಿರಿ. ನಮ್ಮ ಗಾಳಿಯ ವಿಷಯ ಬೇರೆ ಹೇಳಬೇಕೆ? ಗುಡ್ಡದ ಮೇಲೆ ಸಾಲು ಸಾಲು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆಷಾಢದಲ್ಲಿ ಹಗುರ ಮಣ್ಣಿನ ಗುಂಡಿನಿಂದ ಗುರಿ ಕಲಿಯುತ್ತೇನೆಂದು ಹೊರಟರೆ ಬೇಜಾರೇ ಗತಿ.

ಎಲ್ಲಿ ಹೊಡೆಯಬೇಕು ಎಂಬುದು ಹೇಗೆ ಹೊಡೆಯಬೇಕು ಎಂಬುದಕ್ಕಿಂತ ಮುಖ್ಯ. ಒಂದು ಟೊಮೆಟೊ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ, ಬಾಯಿ ನಿಮ್ಮ ಕಡೆಗಿರಲಿ. ಒಳಗೆ ಹಳೆಯ ಗೋಣಿತಾಟನ್ನೋ ಹರಕು ಕಂಬಳಿಯನ್ನೋ ಎರಡು ಪದರವಾಗಿ, ಬಿಗಿಯದೆ ಜೋಲಾಗಿ ಇಳಿಬಿಡಿ. ಬಿಗಿದ ಬಟ್ಟೆ ಗುಂಡನ್ನು ವಾಪಸು ತಳ್ಳುತ್ತದೆ. ಜೋಲು ಬಟ್ಟೆ ಅದರ ವೇಗ ನುಂಗಿ ಕೆಳಗೆ ಬೀಳಿಸುತ್ತದೆ. ಅದರ ಮುಂದೆ ಗುರಿ ತೂಗುಹಾಕಿ. ಹೊಸದುರ್ಗದ ಕಡೆಯವರಿಗೆ ತೆಂಗಿನ ಕರಟ, ಹೊಳಲ್ಕೆರೆಯ ತೋಟದವರಿಗೆ ಅಡಿಕೆ ಹಾಳೆಯ ತುಂಡು. ಪೆಟ್ಟಿಗೆಯ ಹಿಂದೆ ಮಣ್ಣಿನ ದಿಬ್ಬವಿರಲಿ, ದಾರಿಯಾಗಲಿ ಕಣವಾಗಲಿ ಇರಬಾರದು.

ನಮ್ಮ ಸೀಮೆಯ ಹುಡುಗರಿಗೆ ಬಂಡೆಗೆ ಹೊಡೆಯುವ ಚಟ. ದುರ್ಗದ ಬಂಡೆ ಎಂದರೆ ಕಬ್ಬಿಣವೇ. ಅದಕ್ಕೆ ಬಡಿದ ಕಲ್ಲು ಅಥವಾ ಉಕ್ಕಿನ ಗುಂಡು ಬಂದ ದಾರಿಯಲ್ಲೇ ಹೊಡೆದವನ ಮುಖಕ್ಕೆ ಬರುತ್ತದೆ. ಬಂಡೆಯ ಮರೆಯಲ್ಲಿ ಹೆಜ್ಜೇನು ಕಟ್ಟಿದ್ದರೆ ಇನ್ನೂ ದೊಡ್ಡ ಅನಾಹುತ. ನೀರಿನ ಮೇಲೆಯೂ ಹೊಡೆಯಬಾರದು. ನೀರು ಮೆತ್ತಗೆ ಎಂದು ಎಲ್ಲರ ಭಾವನೆ, ಓರೆಯಾಗಿ ಬಿದ್ದ ಗುಂಡಿಗೆ ನೀರೂ ಬಂಡೆಯೇ. ಎರಡು ಮೂರು ಕುಪ್ಪಳಿಸಿ ಆ ದಡದಲ್ಲಿ ಬಟ್ಟೆ ಒಗೆಯುವವರಿಗೆ ತಾಗೀತು. ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ಮೇಲೆ ಮತ್ತೆ 2022ರಲ್ಲಿ ಕೋಡಿ ಬಿದ್ದಾಗ ಜನ ಜಾತ್ರೆಯ ಹಾಗೆ ನೆರೆದರು. ಅಂಥ ಕಡೆ ಕವಣೆ ಜೇಬಿನಿಂದ ಹೊರಗೆ ಬರಲೇಬಾರದು. ವಿದ್ಯುತ್ ಕಂಬದ ಪಿಂಗಾಣಿ ಬಟ್ಟಲಿಗೆ ಹೊಡೆಯುವವನಿಗೆ ನಾನು ಏನೂ ಹೇಳುವುದಿಲ್ಲ, ಪಂಪುಸೆಟ್ಟು ನಿಂತ ಮೇಲೆ ಊರಿನವರೇ ಹೇಳುತ್ತಾರೆ.

ಹಕ್ಕಿಗೆ ಹೊಡೆಯುವುದು? ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ. 2022ರಲ್ಲಿ ಅದನ್ನು ತಿದ್ದಿ ಪಟ್ಟಿಗಳನ್ನು ಹೊಸದಾಗಿ ಮಾಡಿದ್ದಾರೆ. ನವಿಲು ಮೊದಲನೆಯ ಪಟ್ಟಿಯಲ್ಲಿದೆ. ಗಿಳಿಯನ್ನು ಕೊಲ್ಲುವುದಿರಲಿ, ಹಿಡಿದು ಪಂಜರದಲ್ಲಿ ಸಾಕುವುದೂ ತಪ್ಪು. ಕಾಯಿದೆಯ ಮಾತು ಬದಿಗಿಟ್ಟು ಹೊಲದ ಲೆಕ್ಕ ನೋಡಿದರೂ ಅಷ್ಟೇ. ತೊಗರಿ, ಕಡಲೆಯ ಕಾಯಿಕೊರಕ ಹುಳುವನ್ನು ಹೆಕ್ಕುವುದು ಯಾರು? ಕಾಜಾಣ, ಗೊರವಂಕ, ಬೆಳ್ಳಕ್ಕಿ. ಅವು ಕೂರಲೆಂದೇ ಕಡಲೆ ಹೊಲದಲ್ಲಿ ಅಲ್ಲಲ್ಲಿ ಕವಲುಕೊಂಬೆ ನೆಡಿ ಎಂದು ಕೃಷಿ ಇಲಾಖೆಯವರು ಹೇಳುತ್ತಾರೆ. ಇಲಿ ಹಿಡಿಯುವ ಗೂಬೆಗೆ ಕಲ್ಲು ಹೊಡೆದು ಆಮೇಲೆ ಇಲಿ ಪಾಷಾಣಕ್ಕೆ ದುಡ್ಡು ಕೊಡುವವರನ್ನು ಏನೆನ್ನೋಣ? ಕಾಳು ತಿನ್ನುವ ಗುಬ್ಬಿಯೂ ಗೀಜಗವೂ ಮರಿಗಳಿಗೆ ಕೊಡುವುದು ಹುಳುವನ್ನೇ.

ಹಾಗಾದರೆ ತೆನೆ ಕಾಯುವುದು ಹೇಗೆ? ಇಲ್ಲಿ ಕವಣೆ ಉಪಯೋಗಕ್ಕೆ ಬರುತ್ತದೆ. ಹೊಲದ ನಡುವೆ ಅಟ್ಟಣೆ ಕಟ್ಟಿ. ಅಟ್ಟಣೆಯಿಂದ ಹದಿನೈದು ಇಪ್ಪತ್ತು ಹೆಜ್ಜೆ ದೂರದಲ್ಲಿ, ನಾಲ್ಕೂ ದಿಕ್ಕಿಗೆ, ಗಳು ನೆಟ್ಟು ಖಾಲಿ ಎಣ್ಣೆ ಡಬ್ಬ ತೂಗುಹಾಕಿ; ಡಬ್ಬ ತೆನೆಗಿಂತ ಒಂದು ಗೇಣು ಮಾತ್ರ ಮೇಲಿರಲಿ. ಗಿಳಿಯ ಹಿಂಡು ಇಳಿಯುತ್ತಿದ್ದಂತೆ ಮಣ್ಣಿನ ಗುಂಡಿನಿಂದ ಆ ಕಡೆಯ ಡಬ್ಬಕ್ಕೆ ಹೊಡೆಯಿರಿ. ‘ಢಣ್’ ಎಂಬ ಸದ್ದಿಗೆ ಹಿಂಡು ಏಳುತ್ತದೆ. ಎತ್ತರದಿಂದ ಕೆಳಕ್ಕೆ ಹೊಡೆಯುವುದರಿಂದ ಗುರಿ ತಪ್ಪಿದ ಗುಂಡು ನಿಮ್ಮ ಹೊಲದ ಮಣ್ಣಿಗೇ ಬೀಳುತ್ತದೆ, ಪಕ್ಕದವರ ತಲೆಗಲ್ಲ. ಆಕಾಶಕ್ಕೆ ಹೊಡೆದ ಗುಂಡು ಎಲ್ಲಿ ಇಳಿಯಿತೆಂದು ಹೊಡೆದವನಿಗೇ ಗೊತ್ತಿರುವುದಿಲ್ಲ. ಸಾಲಿನ ನಡುವೆ ಯಾರಾದರೂ ಇದ್ದರೆ ಆ ದಿಕ್ಕಿಗೆ ಹೊಡೆತವಿಲ್ಲ. ಹೊಲಕ್ಕೆ ಇಳಿಯುವವರು ಮೊದಲು ಕೂಗು ಕೊಟ್ಟು, ಅಟ್ಟಣೆಯಿಂದ ಮರುಕೂಗು ಬಂದ ಮೇಲೆಯೇ ಇಳಿಯುವ ಪದ್ಧತಿ ಇಟ್ಟುಕೊಳ್ಳಿ. ಹಕ್ಕಿಗಳು ಬರುವುದು ಬೆಳಗ್ಗೆ ಹೊತ್ತು ಹುಟ್ಟಿದ ಮೇಲೆ ಎರಡು ಗಂಟೆ, ಸಂಜೆ ಹೊತ್ತು ಮುಳುಗುವ ಮುಂಚೆ ಎರಡು ಗಂಟೆ. ನಡುಹಗಲು ಕಾಯುವುದು ಬಹಳ ಮಟ್ಟಿಗೆ ದಂಡ. ಹಕ್ಕಿ ದಡ್ಡನಲ್ಲ, ಒಂದೇ ಕಡೆಯ ಸದ್ದಿಗೆ ನಾಲ್ಕೈದು ದಿನದಲ್ಲಿ ಪಳಗುತ್ತದೆ. ಡಬ್ಬದ ಜಾಗ ಬದಲಿಸುತ್ತಿರಿ, ನಡುವೆ ಮಿಂಚುಪಟ್ಟಿಯನ್ನೂ ಕಟ್ಟಿ. ಪಕ್ಕದ ಹೊಲದವರ ಜೊತೆ ಒಂದೇ ವಾರದಲ್ಲಿ ಬಿತ್ತಿದ್ದರೆ ಹಕ್ಕಿಯ ಪಾಲು ಎಲ್ಲರಿಗೂ ಹಂಚಿಹೋಗುತ್ತದೆ. ಒಬ್ಬನ ಹೊಲ ಮಾತ್ರ ಮುಂಚೆ ತೆನೆಬಿಟ್ಟರೆ ಊರಿನ ಹಕ್ಕಿಯೆಲ್ಲ ಅವನ ನೆಂಟರು.

ಹಕ್ಕಿ ಕಾಯುವುದು ಹೆಚ್ಚಾಗಿ ನಮ್ಮ ಹೆಂಗಸರ, ಹೆಣ್ಣುಮಕ್ಕಳ ಪಾಲಿಗೆ ಬಂದ ಕೆಲಸ. ಆದ್ದರಿಂದ ಕವಣೆ ಗಂಡುಹುಡುಗರ ಸೊತ್ತು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಗುರಿಗೆ ಬೇಕಾದ್ದು ಬಲವಲ್ಲ, ಒಂದೇ ಸಮನೆ ಎಳೆಯುವ ತಾಳ್ಮೆ. ಕಾರಹುಣ್ಣಿಮೆಗೋ ಯುಗಾದಿಗೋ ಶಾಲೆಯ ಬಯಲಲ್ಲಿ ಕರಟದ ಪಂದ್ಯ ಇಡಿ, ಹುಡುಗಿಯರನ್ನೂ ನಿಲ್ಲಿಸಿ, ನೋಡಿ.

ಬೀಜದುಂಡೆಯನ್ನು ಕವಣೆಯಿಂದ ಗುಡ್ಡಕ್ಕೆ ಹಾರಿಸುವ ಕಾರ್ಯಕ್ರಮಗಳು ಈಚೆಗೆ ನಡೆಯುತ್ತಿವೆ. ಮಣ್ಣು, ಸಗಣಿ ಗೊಬ್ಬರದ ಉಂಡೆಯೊಳಗೆ ಹೊಂಗೆ, ಹುಣಸೆ, ಸೀತಾಫಲದ ಬೀಜ. ಕಾಲು ಹೋಗದ ಕಲ್ಲುಸಂದಿಗೆ ಬೀಜ ತಲುಪುತ್ತದೆ, ಒಳ್ಳೆಯದೇ. ಆದರೆ ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆಯ ಸೀಮೆ ನಮ್ಮದು. ಫೋಟೋಕ್ಕಾಗಿ ಬೇಸಿಗೆಯಲ್ಲಿ ಎಸೆದ ಉಂಡೆ ಇರುವೆಗೆ ಊಟ. ನೆಲ ಒಂದು ಗೇಣು ನೆನೆದ ಮೇಲೆ ಹಾರಿಸಿ. ಬೇವಿನ ಬೀಜವಾದರೆ ಹಣ್ಣು ಬಿದ್ದ ಎರಡು ಮೂರು ವಾರದಲ್ಲೇ ಬಳಸಬೇಕು, ಆಮೇಲೆ ಮೊಳೆಯುವ ಶಕ್ತಿ ಇಳಿದುಹೋಗುತ್ತದೆ. ಕಾಡಿನ ಜಾಗವಾದರೆ ಅರಣ್ಯ ಇಲಾಖೆಯವರನ್ನು ಕೇಳಿ.

ಕಣ್ಣಿನ ಮಾತು ಕೊನೆಗೆ ಇಟ್ಟುಕೊಂಡಿದ್ದೇನೆ. ತಾಯಂದಿರು ಇದನ್ನು ಗಮನವಿಟ್ಟು ಕೇಳಬೇಕು. ಕವಣೆಯಿಂದ ಕಣ್ಣಿಗೆ ಪೆಟ್ಟಾಗುವುದು ಮೂರು ದಾರಿಯಲ್ಲಿ: ಇನ್ನೊಬ್ಬರ ಗುಂಡು, ಬಂಡೆಯಿಂದ ಚಿಮ್ಮಿದ ಗುಂಡು, ಹರಿದ ರಬ್ಬರು. ಕವೆಯ ಗಂಟಿನ ಬಳಿ ರಬ್ಬರು ಹರಿದರೆ ಅದು ನೇರ ಮುಖಕ್ಕೇ ಬರುತ್ತದೆ, ಏಕೆಂದರೆ ಆ ಕಡೆಗೇ ಎಳೆದಿರುತ್ತೇವೆ. ಅದಕ್ಕೆ ಪ್ರತಿದಿನ ಹೊಡೆಯುವ ಮುಂಚೆ ಎರಡು ಗಂಟುಗಳ ಬಳಿ ಎಳೆದು ಬೆಳಕಿಗೆ ನೋಡಿ, ಕಚ್ಚು ಕಂಡರೆ ಅಂದೇ ಬದಲಿಸಿ. ದ್ವಿಚಕ್ರ ಸವಾರರು ಧೂಳಿಗೆ ಹಾಕುವಂಥ, ಒಡೆಯದ ಬಿಳಿಯ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಂಡೇ ಹೊಡೆಯಬೇಕು, ನೋಡುವವರು ಹೊಡೆಯುವವನ ಬೆನ್ನ ಹಿಂದೆ ನಿಲ್ಲಬೇಕು.

ಎಚ್ಚರ ಮೀರಿ ಪೆಟ್ಟು ಬಿದ್ದೇಬಿಟ್ಟರೆ ಕಣ್ಣು ಉಜ್ಜಬೇಡಿ, ಒತ್ತಬೇಡಿ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಯಾವುದನ್ನೂ ಬಿಡಬೇಡಿ. ಏನಾದರೂ ಚುಚ್ಚಿ ನಿಂತಿದ್ದರೆ ಕೀಳಬೇಡಿ, ತೊಳೆಯಲೂಬೇಡಿ. ಒಂದು ಸ್ವಚ್ಛವಾದ ಕಾಗದದ ಲೋಟದ ತಳವನ್ನು ಕಣ್ಣಿನ ಗುಣಿಯ ಮೂಳೆಯ ಮೇಲೆ ಬರುವಂತೆ, ಕಣ್ಣುಗುಡ್ಡೆಗೆ ತಾಗದಂತೆ ಮುಚ್ಚಿ ಪಟ್ಟಿ ಹಾಕಿ, ತಲೆ ಎತ್ತರವಾಗಿಟ್ಟು ಕೂರಿಸಿಕೊಂಡು ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ಕಣ್ಣಿನ ಡಾಕ್ಟರ ಹತ್ತಿರವೋ ಆಗಿಂದಾಗಲೇ ಹೋಗಿ. ಆಸ್ಪಿರಿನ್ ಮಾತ್ರೆ ಕೊಡಬೇಡಿ, ರಕ್ತ ಹೆಚ್ಚು ಒಸರುತ್ತದೆ. ಮಗು ‘ಈಗ ಕಾಣ್ತಾ ಇದೆ, ನೋವಿಲ್ಲ’ ಎಂದರೂ ಹೋಗಬೇಕು. ಗುಂಡಿನ ಪೆಟ್ಟಿಗೆ ಕಣ್ಣಿನ ಒಳಗೆ ರಕ್ತ ಇಳಿದು, ಒತ್ತಡ ಏರಿ, ದಿನ ಎರಡು ದಿನ ಬಿಟ್ಟು ದೃಷ್ಟಿ ಹೋಗುವುದುಂಟು. ಹೊಡೆದವನು ಪಕ್ಕದ ಮನೆಯವನು ಎಂದು ಜಗಳಕ್ಕೆ ನಿಲ್ಲುವುದೆಲ್ಲ ಆಮೇಲೆ. ಮಕ್ಕಳಿಗೂ ಒಂದು ಮಾತು ಮೊದಲೇ ಹೇಳಿಟ್ಟಿರಿ: ಪೆಟ್ಟಾದರೆ ಹೊಡೆಯುವುದಿಲ್ಲ, ಬೈಯುವುದಿಲ್ಲ, ಓಡಿ ಬಂದು ಹೇಳಬೇಕು. ಹೆದರಿ ಬಚ್ಚಿಟ್ಟ ಒಂದು ದಿನದಲ್ಲೇ ಕಣ್ಣು ಕೈತಪ್ಪಬಹುದು.

ಕೆಲಸ ಮುಗಿದ ಮೇಲೆ ಕವಣೆಯನ್ನು ತಗಡಿನ ಚಾವಣಿಯ ಕೆಳಗೆ, ಒಲೆಯ ಹತ್ತಿರ ನೇತುಹಾಕಬೇಡಿ. ಬಿಸಿಲು, ಕಾವು, ಎಣ್ಣೆಗೈ ಈ ಮೂರೂ ರಬ್ಬರಿಗೆ ಶತ್ರು. ಸ್ವಲ್ಪ ಮುಖದ ಪೌಡರು ಸವರಿ, ಬಟ್ಟೆಯಲ್ಲಿ ಸುತ್ತಿ, ಖಾಲಿ ಮಣ್ಣಿನ ಗಡಿಗೆಯೊಳಗೆ ತಂಪಾಗಿ ಇಡಿ. ಮುಂದಿನ ಸುಗ್ಗಿಗೆ ತೆಗೆದಾಗ ರಬ್ಬರು ಬೆರಳಿಗೆ ಅಂಟಿದರೆ, ಇಲ್ಲವೆ ಎಳೆದಾಗ ಮೈಮೇಲೆ ಸಣ್ಣ ಗೆರೆ ಬಿಟ್ಟರೆ ಅದನ್ನು ಬಿಚ್ಚಿ ಹೊಸ ಪಟ್ಟಿ ಕಟ್ಟಿಕೊಳ್ಳಿ. ಕವೆ ಹಾಗೇ ಇರಲಿ. ಒಳ್ಳೆಯ ಸೀಬೆ ಕವೆ ಹಲವು ಸುಗ್ಗಿ ಕಾಣುತ್ತದೆ.